ಹೆರನ್ ನಂಬರ್ ಒಂದು: ಕೊನೆಯ ಪದರದ ಅಡಿಯಲ್ಲಿ

ಎಡಗಡೆಯ ದೀಪದ ಗೂಡಿನ ಕೆಳಗೆ ಹೆಸ್ಟರ್ ಲಾರ್ಟರಳ ಬೆರಳು ಮತ್ತೆ ಬಂದು ನಿಂತಿತು.

ಅಲ್ಲೊಂದು ಗೆರೆಯಿತ್ತು. ಕೂದಲೆಳೆಯಷ್ಟು ಉಬ್ಬಿದ್ದ ಅದು ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಮಾತ್ರ ಸಿಗುವಂಥದ್ದು. ಮೂರು ದಿನ ಕೂತು ಹಳೆಯ ಕೆಂಪು ಬಣ್ಣವನ್ನೆಲ್ಲ ಕೆರೆದು ತೆಗೆದಿರದಿದ್ದರೆ ಬೆರಳಿಗೂ ಸಿಗುತ್ತಿರಲಿಲ್ಲ.

ಇರಬಾರದಿದ್ದ ಗೆರೆ ಅದು. ಹೆರನ್ ಕಾರುಗಳ ಅಚ್ಚು ಬಿರುಕುಬಿಟ್ಟದ್ದು ಹದಿನಾಲ್ಕನೆಯ ಕಾರಿನ ಮೈಯನ್ನು ಅದರಿಂದ ಎಬ್ಬಿಸುವಾಗ. ಆವತ್ತು ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿದಿದ್ದವಳು ಹೆಸ್ಟರ್, ಬೈಸಿಕೊಂಡವಳೂ ಅವಳೇ. ಅಚ್ಚಿಗೆ ಆದ ಗಾಯ ಆ ಅಚ್ಚಿನಲ್ಲಿ ಹುಟ್ಟುವ ಎಲ್ಲದಕ್ಕೂ ಬರುತ್ತದೆ. ಹದಿನೈದರಿಂದ ಮುಂದಿನ ಪ್ರತಿ ಹೆರನ್‌ಗೂ ಎಡ ಕಣ್ಣಿನ ಕೆಳಗೆ ಈ ಗೆರೆ ಇದೆ.

ಆದರೆ ಇದು ನಂಬರ್ ಒಂದು. ಚೌಕಟ್ಟಿನ ಕಬ್ಬಿಣದ ಮೇಲೆ ಹಾಗೆಂದೇ ಕೊರೆದಿದೆ.

ಹೆಸ್ಟರ್ ಎದ್ದು ಚಕ್ರವಿಲ್ಲದ ಕಾರಿನೊಳಗೆ ಹೋಗಿ ಕೂತು ಕಣ್ಣು ಮುಚ್ಚಿದಳು. ಅವಳಿಗೆ ಐವತ್ತೊಂದು ವರ್ಷ. ಹೆರನ್ ಸಂಘದ ದಾಖಲೆ ಪುಸ್ತಕ ಅವಳ ಕೈಯಲ್ಲಿದೆ. ಯಾವ ಕಾರು ಅಸಲಿ, ಯಾವುದು ಯಾರದು ಎಂದು ಅವಳು ಬರೆದರೆ ಅದೇ ಕೊನೆ. ಖಾಲಿ ಕಾರುಗಳಲ್ಲಿ ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂರುತ್ತಾಳೆಂದು ಸಂಘದವರು ಅವಳನ್ನು ಕನಸುಗಾತಿ ಎಂದು ಆಡಿಕೊಳ್ಳುತ್ತಾರೆ. ಆಡಿಕೊಂಡವರೇ ಹಳೇ ಕಾರು ಕೊಳ್ಳುವ ಮೊದಲು ಅವಳ ಷೆಡ್ಡಿನ ಬಾಗಿಲು ತಟ್ಟುತ್ತಾರೆ.

ಮೂತಿ ಒಡೆದ ಕಾರಿಗೆ ಬೇರೆ ಕಾರಿನ ಮೂತಿ ಅಂಟಿಸುವುದು ಈ ಕಡೆ ಮಾಮೂಲು. ಹಾಗೇನಾದರೂ ಆಗಿದೆಯೋ ಎಂದು ಬೆಳಗಿನಿಂದ ಬೆಸುಗೆಗಾಗಿ ತಡಕಿದ್ದಳು. ಈ ಕಾರಿಗೆ ಜನ ಏನೇನು ಮಾಡಿದ್ದರೆಂದು ಹೇಳಹೋದರೆ ಅದೇ ಒಂದು ಪುರಾಣ. ಒಬ್ಬ ದೊಡ್ಡ ಎಂಜಿನ್ ತೂರಿಸಲೆಂದು ಬಾನೆಟ್ ಮೇಲೆ ಗಡ್ಡೆ ಎಬ್ಬಿಸಿದ್ದ. ಇನ್ನೊಬ್ಬ ಅಗಲ ಚಕ್ರಕ್ಕೆಂದು ಮಡ್‌ಗಾರ್ಡುಗಳನ್ನು ಉಬ್ಬಿಸಿದ್ದ. ಚೆಲುವೆಗೆ ಮೂಗುತಿ ಹಾಕುತ್ತೇವೆಂದು ಮೂಗನ್ನೇ ಕತ್ತರಿಸುವ ಜನ. ಅದನ್ನೆಲ್ಲ ಹೆಸ್ಟರ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ತೆಗೆದಿದ್ದಳು. ಆದರೆ ಮೂತಿಗೂ ಮೈಗೂ ನಡುವೆ ಬೆಸುಗೆ ಸಿಗಲಿಲ್ಲ. ಮೈಯೆಲ್ಲ ಒಂದೇ ಎರಕ.

ಇನ್ನೊಂದು ಮಾತು ಅವಳ ತಲೆಯಲ್ಲಿ ಸೊಳ್ಳೆಯಂತೆ ಸುತ್ತುತ್ತಿತ್ತು. ಈ ಕಾರು ಸಿಕ್ಕಿದ್ದು ಹೊರೇಸ್ ಮೇಸ್ ಎಂಬ ಮುದುಕ ರೈತನ ಕಣಜದಲ್ಲಿ, ಬೀಟ್‌ರೂಟ್ ಚೀಲಗಳ ಹಿಂದೆ. ಗುರುವಾರ ಅವನನ್ನು ಕೇಳಿದ್ದಳು.

“ಯಾರು ತಂದಿಟ್ಟಿದ್ದು, ಹೊರೇಸ್?”

“ಯಾರೋ ಒಬ್ಬ. ಆರು ತಿಂಗಳು ಬಾಡಿಗೆ ಕೊಟ್ಟು ಹೋದ, ಮತ್ತೆ ಬರಲಿಲ್ಲ. ಆಮೇಲೆ ನನ್ನ ಹುಡುಗರು ಅದನ್ನ ಕುಯ್ದು, ಓಡಿಸಿ, ಮೂಲೆಗೆ ತಳ್ಳಿದ್ರು. ಗಡ್ಡ ಇತ್ತು. ಮಾತು ಕಮ್ಮಿ.”

“ಯಾವ ವರ್ಷ?”

“ಹೊಸ ಚಿಲ್ಲರೆ ಬಂದ ವರ್ಷ. ಅವನು ಕೊಟ್ಟ ಹೊಸ ನಾಣ್ಯ ಹಿಡ್ಕೊಂಡು ನನ್ನ ಹೆಂಡ್ತಿ ಇದು ಆಟದ ದುಡ್ಡು, ತಗೋಬೇಡ ಅಂದಿದ್ಲು. ಪಾಪ, ಅವಳು ಸಾಯೋತನಕ ಹಳೇ ಲೆಕ್ಕದಲ್ಲೇ ಮೊಟ್ಟೆ ಮಾರಿದ್ಲು.”

ಹಳೆಯ ಷಿಲಿಂಗಿನ ಲೆಕ್ಕ ಹೋಗಿ ನೂರರ ಲೆಕ್ಕದ ಹೊಸ ಚಿಲ್ಲರೆ ಬಂದದ್ದು ಎಪ್ಪತ್ತೊಂದರಲ್ಲಿ. ಹೆರನ್ ಕಾರ್ಖಾನೆ ಮುಚ್ಚಿ ಆಗಲೇ ಐದು ವರ್ಷವಾಗಿತ್ತು. ಅಷ್ಟು ತಡವಾಗಿ ನಂಬರ್ ಒಂದನ್ನು ಯಾರು ತಂದು ಅಡಗಿಸುತ್ತಾರೆ, ಎಂಬತ್ತೆಂಟರ ಮುದುಕನಿಗೆ ಅರಳುಮರಳೆಂದುಕೊಂಡು ಹೆಸ್ಟರ್ ಆ ಮಾತನ್ನು ಬರೆದುಕೊಳ್ಳಲೂ ಇಲ್ಲ.

ಕಣ್ಣು ಬಿಟ್ಟಳು. ಷೆಡ್ಡಿನ ಬಾಗಿಲಾಚೆ ಜೂನ್ ತಿಂಗಳ ಬೆಳಗು ಮಂಜಿನಲ್ಲಿ ಅರ್ಧ ಕರಗಿತ್ತು. ನದಿ ಕಾಣುತ್ತಿರಲಿಲ್ಲ, ಜೊಂಡು ಮಾತ್ರ ಕಾಣುತ್ತಿತ್ತು. ಜೊಂಡಿನ ಮೇಲೆ ಬಿಳಿಯ ಹಾಯಿಯೊಂದು, ದೋಣಿಯೂ ಇಲ್ಲದೆ ನೀರೂ ಇಲ್ಲದೆ, ಹೊಲದ ನಡುವೆ ಮೆಲ್ಲಗೆ ನಡೆದುಹೋಗುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದಾಳೆ, ಆದರೂ ಪ್ರತಿ ಸಲ ತಾನಿನ್ನೂ ಎದ್ದಿಲ್ಲವೇನೋ ಅನ್ನಿಸುತ್ತದೆ. ಗಾಜಿನ ನಾರನ್ನು ಕಾರಿನ ಮೈಯಾಗಿ ಗಟ್ಟಿಮಾಡುವ ಅಂಟು, ರೆಸಿನ್ನಿನ ಸಿಹಿ ವಾಸನೆ ಷೆಡ್ಡಿನ ತುಂಬ ಹರಡಿತ್ತು.

ಮೂವತ್ತು ವರ್ಷದ ಹಿಂದೆ, ಅರವತ್ತಾರರ ಫೆಬ್ರವರಿಯಲ್ಲಿ, ಕಾರ್ಖಾನೆಯ ಪಾಲುದಾರ ಸಿಡ್ನಿ ಅಟಿಂಗ್ ಅಚ್ಚಿನ ಸಮೇತ ಮಾಯವಾದ. ಆರು ವಾರದ ಮೇಲೆ ನದಿ ಹೆಣವನ್ನು ಕೊಟ್ಟಿತು, ಅಚ್ಚನ್ನು ಕೊಡಲಿಲ್ಲ. ಕಾರಿನ ವಿನ್ಯಾಸ ನನ್ನದು, ಸಿಡ್ನಿ ಕದ್ದ, ಸಿಕ್ಕಿಬಿದ್ದು ನಾಚಿಕೆಯಿಂದ ನೀರಿಗೆ ಬಿದ್ದ ಎಂದ ಇನ್ನೊಬ್ಬ ಪಾಲುದಾರ ನೆವಿಲ್ ಗಾಟ್ಸ್. ಊರು ಹೌದೆಂದಿತು. ಸತ್ತವನ ಪರವಾಗಿ ಮಾತಾಡಲು ಇದ್ದದ್ದು ಹನ್ನೊಂದು ವರ್ಷದ ಮಗಳು.

ಆ ಮಗಳು ಏವ್ರಿಲ್‌ಗೆ ಈಗ ನಲವತ್ತೊಂದು. ಬೇಕರಿಯಲ್ಲಿ ಕೆಲಸ. ಶಾಲೆಯಲ್ಲಿ ‘ಕಳ್ಳನ ಮಗಳು’ ಎಂದು ಕರೆದವರಿಗೇ ಇವತ್ತೂ ಬ್ರೆಡ್ ಕಟ್ಟಿಕೊಡುತ್ತಾಳೆ. ಪ್ರತಿ ಭಾನುವಾರ ಚರ್ಚಿನ ಹಿತ್ತಲಲ್ಲಿ ಅಪ್ಪನ ಕಲ್ಲಿನ ಪಾಚಿ ಉಜ್ಜಿ ಹೂವಿಟ್ಟು ಬರುತ್ತಾಳೆ. ಸೋಮವಾರ ಇದೇ ಷೆಡ್ಡಿನಲ್ಲಿ ನಿಂತು ಕೇಳಿದ್ದಳು.

“ನನಗೆ ಒಳ್ಳೇದೇ ಹೇಳಬೇಕು ಅಂತಿಲ್ಲ. ಸಿಕ್ಕಿದ್ದನ್ನೆಲ್ಲ ಹೇಳ್ತೀಯಾ?”

“ಹೇಳ್ತೀನಿ. ಒಂದನ್ನೂ ಮುಚ್ಚಿಡಲ್ಲ,” ಎಂದಿದ್ದಳು ಹೆಸ್ಟರ್.

ನಾಳೆ ಭಾನುವಾರ ಸಂಘದ ಜಾತ್ರೆ. ದೋಣಿಕಟ್ಟೆಯ ಹುಲ್ಲಿನ ಮೇಲೆ ಹೆರನ್‌ಗಳು ಸಾಲುಗಟ್ಟುತ್ತವೆ, ನಂಬರ್ ಒಂದರ ಮುಂದೆ ಹಿತ್ತಾಳೆಯ ಫಲಕ ಏಳುತ್ತದೆ. ಫಲಕದ ಮೇಲೆ ಆಗಲೇ ಗಾಟ್ಸನ ಹೆಸರು ಕೆತ್ತಿಯಾಗಿದೆ. ಬೇಕಾದದ್ದು ಪುಸ್ತಕದಲ್ಲಿ ಹೆಸ್ಟರಳ ಸಹಿ ಮಾತ್ರ. ಆ ಸಹಿ ಬಿದ್ದರೆ ಸಿಡ್ನಿ ಹಿತ್ತಾಳೆಯ ಮೇಲೂ ಕಳ್ಳನಾಗಿ ಉಳಿಯುತ್ತಾನೆ.

“ಇಳಿಯಮ್ಮ ಹೆಸ್ಟರ್. ಚಕ್ರ ಇಲ್ಲದ ಕಾರಲ್ಲಿ ಎಲ್ಲಿಗೆ ಹೊರಟೆ?”

ಬಾಗಿಲಲ್ಲಿ ಗಾಟ್ಸ್ ನಿಂತಿದ್ದ. ಎಪ್ಪತ್ತೆರಡು ವರ್ಷ, ಹುಲ್ಲಿನ ಟೋಪಿ, ಬಾಚಿದ ಬಿಳಿ ಮೀಸೆ. ಕೋಟಿನ ಜೇಬಿನ ಮೇಲೆ ಸಂಘದ ಗುರುತಾದ ಹೆರನ್ ಎಂಬ ಬಕಪಕ್ಷಿ, ಕೈಯಲ್ಲಿ ತನ್ನ ತೋಟದ ಸ್ಟ್ರಾಬೆರಿಯ ಬುಟ್ಟಿ. ಕೆಟ್ಟವನಂತೆ ಕಾಣುವ ಮನುಷ್ಯನೇ ಅಲ್ಲ. ಅದೇ ಅವನ ದೊಡ್ಡ ಬಂಡವಾಳ.

“ಅಲ್ಲಿಡಿ, ಬೆಂಚಿನ ಮೇಲೆ,” ಎಂದು ಹೆಸ್ಟರ್ ಇಳಿದಳು.

“ಸಹಿ ಹಾಕಿದ್ಯಾ?”

“ಇಲ್ಲ.”

“ಮಧ್ಯಾಹ್ನ ಬಣ್ಣದವನು ಬರ್ತಾನೆ. ಒಂದು ಕೈ ಹೊಡೆದರೆ ಸಾಕು ಮಾರಾಯ್ತಿ, ದೂರದಿಂದ ನೋಡೋರಿಗೆ ಏನು ಗೊತ್ತಾಗತ್ತೆ.”

“ಹತ್ತಿರದಿಂದ ನೋಡೋಳು ನಾನೊಬ್ಬಳಿದ್ದೀನಲ್ಲ.”

ಹೆಸ್ಟರ್ ಕೈ ಒರೆಸಿಕೊಂಡು ಬೆಂಚಿನ ಸೆಳೆಖಾನೆಯಿಂದ ಒಂದು ಹಾಳೆ ತೆಗೆದಳು. ವಿನ್ಯಾಸ ತನ್ನದೆಂಬುದಕ್ಕೆ ಸಾಕ್ಷಿ ಎಂದು ಗಾಟ್ಸ್ ಸಂಘಕ್ಕೆ ಕೊಟ್ಟಿದ್ದ ಹಾಳೆ. ಹಳದಿಯಾದ ಕಾಗದ, ಟೈಪು ಮಾಡಿದ ಅಕ್ಷರ, ಅಡಿಯಲ್ಲಿ ಅವನ ಸಹಿ.

“ಇದನ್ನ ಸ್ವಲ್ಪ ಓದಿ. ತಲೆಬರಹದಿಂದ.”

ಗಾಟ್ಸ್ ಕನ್ನಡಕ ಹುಡುಕಿದ. “‘ಹೆರನ್ ಕಾರನ್ನು ಜೋಡಿಸುವ ವಿಧಾನ. ವಿನ್ಯಾಸ, ನೆವಿಲ್ ಗಾಟ್ಸ್. ಏಪ್ರಿಲ್ 1964.’ ಇದನ್ನ ಓದೋಕೆ ನನ್ನನ್ನ ಕರೆಸಿದ್ಯಾ?”

“ಮೊದಲನೇ ಸಾಲು?”

“‘ಚೌಕಟ್ಟನ್ನು ಸಮತಟ್ಟಾದ ನೆಲದ ಮೇಲೆ ಇಡಿ.’”

“ಕೊನೇದು?”

“‘ದೀಪದ ಗಾಜು ಕೂರಿಸಿ ಸ್ಕ್ರೂ ಬಿಗಿಸಿ.’ ಸರಿಯಾಗೇ ಇದೆಯಲ್ಲ.”

“ತುಂಬಾ ಸರಿಯಾಗಿದೆ. ಅದೇ ತಪ್ಪು.” ಹೆಸ್ಟರ್ ಒಂದು ಸ್ಟ್ರಾಬೆರಿ ಬಾಯಿಗೆ ಹಾಕಿಕೊಂಡಳು. “ಕಾರ್ಖಾನೇಲಿ ಮೊದಲನೇ ವರ್ಷ ನಾನು ಏನು ಕೆಲಸ ಮಾಡ್ತಿದ್ದೆ, ನೆನಪಿದೆಯಾ?”

“ಟೀ ಮಾಡ್ತಿದ್ದೆ. ಕೆಟ್ಟದಾಗಿ ಮಾಡ್ತಿದ್ದೆ.”

“ಕೆಟ್ಟ ಟೀ ಮಾಡ್ತಿದ್ದೆ, ಒಳ್ಳೇ ಪೆಟ್ಟಿಗೆ ಕಟ್ತಿದ್ದೆ. ಮೈ ಒಂದು ಕಡೆ, ಚೌಕಟ್ಟು ಒಂದು ಕಡೆ, ನಟ್ಟು ಬೋಲ್ಟು ಚೀಲದಲ್ಲಿ. ಎಲ್ಲಕ್ಕಿಂತ ಮೇಲೆ ಒಂದು ಹಾಳೆ. ಅದರ ತಲೆಬರಹ ‘ಹೆರನ್ ಕಾರನ್ನು ಬಿಚ್ಚುವ ವಿಧಾನ’. ಮೊದಲ ಸಾಲು ದೀಪದ ಗಾಜು ತೆಗೆಯೋದು. ಕೊನೇ ಸಾಲು ಚೌಕಟ್ಟು.”

ಗಾಟ್ಸನ ಕೈ ಮೀಸೆಗೆ ಹೋಯಿತು.

ಆ ಕಾಲದ ಮಾತು ಹಾಗಿತ್ತು. ಜೋಡಿಸಿದ ಕಾರು ಕೊಂಡರೆ ಭಾರಿ ತೆರಿಗೆ. ಬಿಡಿ ಭಾಗ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ತೆರಿಗೆ ಇಲ್ಲ. ಆದರೆ ಪೆಟ್ಟಿಗೆಯಲ್ಲಿ ಜೋಡಿಸುವ ವಿಧಾನ ಬರೆದ ಕಾಗದ ಇರಕೂಡದು ಎಂದಿತ್ತು ಕಾನೂನು. ಬಿಚ್ಚುವ ವಿಧಾನದ ಬಗ್ಗೆ ಅದು ಏನೂ ಅಂದಿರಲಿಲ್ಲ. ಸರಕಾರ ಚಾಪೆಯ ಕೆಳಗೆ ನುಸುಳಿದರೆ ಇವರು ರಂಗೋಲಿಯ ಕೆಳಗೆ ನುಸುಳಿದರು. ಬಿಚ್ಚುವ ಹಾಳೆಯನ್ನು ಕೊಟ್ಟರು, ಕೊಂಡವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಕಾರು ಕಟ್ಟಿದರು. ಆ ಕಾಲದಲ್ಲಿ ಒಂದೇ ಒಂದು ಪೆಟ್ಟಿಗೆ ಕಟ್ಟಿದ ಅಥವಾ ಬಿಚ್ಚಿದ ಯಾರಿಗಾದರೂ ಇದು ಬಾಯಿಪಾಠ.

“ಏಪ್ರಿಲ್ ಅರವತ್ತನಾಲ್ಕರಲ್ಲಿ ‘ಜೋಡಿಸುವ ವಿಧಾನ’ ಅಂತ ಯಾರೂ ಬರೀತಿರಲಿಲ್ಲ,” ಎಂದಳು ಹೆಸ್ಟರ್. “ಬರೆದಿದ್ರೆ ಮಾರನೇ ದಿನ ಅಂಗಡಿಗೆ ಬೀಗ. ಕಾರು ಕಟ್ಟಿದವನಿಗೆ ಇದು ಗೊತ್ತಿರ್ತಿತ್ತು. ನಿಮಗೆ ಗೊತ್ತಿರಲಿಲ್ಲ. ನೀವು ಆಫೀಸಲ್ಲಿ ಗಿರಾಕಿಗಳ ಜೊತೆ ಷೆರಿ ಕುಡೀತಿದ್ರಿ.”

“ಯಾರಾದ್ರೂ ಗಿರಾಕಿಗಳನ್ನ ನೋಡ್ಕೋಬೇಕಿತ್ತಲ್ಲ.”

“ಯಾವಾಗ ಟೈಪ್ ಮಾಡಿದ್ರಿ?”

ಅವನು ಟೋಪಿ ತೆಗೆದು ಬೆಂಚಿನ ಮೇಲಿಟ್ಟ. ಟೋಪಿ ಇಲ್ಲದ ತಲೆ ಚಿಕ್ಕದಾಗಿ, ವಯಸ್ಸಾದದ್ದಾಗಿ ಕಂಡಿತು. ಹೆಸ್ಟರಳಿಗೆ ಅರೆಕ್ಷಣ ಅಯ್ಯೋ ಅನ್ನಿಸಿತು, ಮತ್ತೆ ಏವ್ರಿಲ್ ನೆನಪಾದಳು.

“ಮಾರ್ಚಲ್ಲಿ,” ಎಂದ ಗಾಟ್ಸ್. “ಹಳೇ ಕಾಗದ ಇತ್ತು, ಹಳೇ ಯಂತ್ರ ಇತ್ತು. ಟೀ ನೀರಲ್ಲಿ ಅದ್ದಿ ಒಣಗಿಸಿದೆ. ಆಯ್ತು, ಹಾಳೆ ಸುಳ್ಳು. ಕಾರು ಸುಳ್ಳಲ್ಲ. ಮೂವತ್ತು ವರ್ಷ ಆದ್ಮೇಲೆ ನಮ್ಮ ಹೆಸರು ಎಲ್ಲೂ ಇಲ್ಲದ ಹಾಗೆ ಅಳಿಸಿಹೋಗೋದು ಹೇಗಿರತ್ತೆ ಅಂತ ಗೊತ್ತಾ ನಿನಗೆ?”

“ಹೆಸರಿಗೆ ಮಸಿ ಬಳಿಸ್ಕೊಂಡು ಮೂವತ್ತು ವರ್ಷ ಬದುಕಿದೋಳು ಇಲ್ಲೇ ಬೇಕರೀಲಿದ್ದಾಳೆ. ಅವಳನ್ನ ಕೇಳಿ.”

“ಮೊದಲ ಮೈಯನ್ನ ನಾನೇ ಮಾಡಿದೆ ಹೆಸ್ಟರ್. ಅರವತ್ತನಾಲ್ಕರ ಜನವರೀಲಿ, ಒಬ್ಬನೇ. ಸಿಡ್ನಿ ಕಾಲು ಮುರ್ಕೊಂಡು ಆಸ್ಪತ್ರೇಲಿ ಮಲಗಿದ್ದ. ಅವನ ಕೈ ಈ ಕಾರಿಗೆ ಸೋಕಿದ್ದರೆ ತೋರಿಸು. ತೋರಿಸಿದ್ರೆ ನಾನೇ ನಾಳೆ ಆ ಫಲಕ ಹೊತ್ಕೊಂಡು ಹೋಗಿ ನದಿಗೆ ಹಾಕ್ತೀನಿ.”

“ಹಾಗಾದ್ರೆ ಎತ್ತಿ.”

“ಏನನ್ನ?”

“ನಿಮ್ಮ ಕಾರನ್ನ. ಮೂತಿ ಕಡೆ ನೀವು, ಬಾಲದ ಕಡೆ ನಾನು.”

ಚೌಕಟ್ಟಿನ ಬೋಲ್ಟುಗಳನ್ನು ಹೆಸ್ಟರ್ ಆಗಲೇ ಬಿಚ್ಚಿದ್ದಳು. ಫೈಬರ್‌ಗ್ಲಾಸಿನ ಬರೀ ಮೈ, ಇಬ್ಬರು ಎತ್ತಿದರೆ ಏಳುತ್ತದೆ. ಅವರು ಅದನ್ನು ಬಾಗಿಲಿನ ಹತ್ತಿರಕ್ಕೆ ತಂದು, ಮಗ್ಗುಲಿಗೆ ಹೊರಳಿಸಿ, ಎರಡು ಮರದ ಸ್ಟ್ಯಾಂಡುಗಳಿಗೆ ಒರಗಿಸಿದರು. ಅಷ್ಟರಲ್ಲಿ ಹೊರಗೆ ಮಂಜು ಹರಿದು ಬಿಸಿಲು ನೇರವಾಗಿ ಕಾರಿನ ಬೆನ್ನಿಗೆ ಬಿತ್ತು.

ಮೈಯೆಲ್ಲ ಬೆಳಗಿತು. ಬಣ್ಣ ಕಳಚಿದ ಹೆರನ್ ಜೇನಿನ ಬಣ್ಣದ್ದು, ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಗಾಜಿನ ನಾರುಗಳು ಒಂದೊಂದೂ ಕಂಡವು, ಎಂದೋ ಕುಂಚ ಓಡಿದ ದಾರಿ ಕಂಡಿತು, ರೆಸಿನ್ನಿನೊಳಗೆ ಸಿಕ್ಕಿಕೊಂಡು ನಿಂತ ಗಾಳಿಯ ಗುಳ್ಳೆಗಳು ಕಂಡವು. ಇಬ್ಬರ ಮುಖದ ಮೇಲೂ ಕೈಯ ಮೇಲೂ ಆ ಬೆಳಕು ಬಿದ್ದು ಇಬ್ಬರೂ ಸ್ವಲ್ಪ ಹೊತ್ತು ಜಗಳ ಮರೆತರು. ಹತ್ತೊಂಬತ್ತು ವರ್ಷದ ಹೆಸ್ಟರ್ ಇಂಥದ್ದೇ ಬೆಳಕಿನಲ್ಲಿ ಮೊದಲ ಸಲ ನಿಂತಾಗ, ಜೀವಮಾನವೆಲ್ಲ ಇದೇ ಕೆಲಸ ಮಾಡುತ್ತೇನೆಂದುಕೊಂಡಿದ್ದಳು. ಅಂದುಕೊಂಡಂತೆ ಬದುಕಿದ ಕೆಲವೇ ಜನರಲ್ಲಿ ಅವಳೊಬ್ಬಳು.

“ಎಷ್ಟು ಚೆನ್ನಾಗಿದೆ,” ಎಂದ ಗಾಟ್ಸ್, ಮೆಲ್ಲಗೆ.

“ಚಾಲಕನ ಸೀಟಿನ ಹಿಂದುಗಡೆ ನೋಡಿ. ಡಾಂಬರು ಮೆತ್ತಿದ್ದಾರಲ್ಲ, ಅಲ್ಲಿ.”

ಅಂಗೈ ಅಗಲದ ಕಪ್ಪು ತೇಪೆ. ಅದೊಂದನ್ನು ಹೆಸ್ಟರ್ ಕೊನೆಗೆಂದು ಉಳಿಸಿಕೊಂಡಿದ್ದಳು. ದ್ರಾವಕದಲ್ಲಿ ಬಟ್ಟೆ ಅದ್ದಿ ಉಜ್ಜತೊಡಗಿದಳು.

“ಸಿಡ್ನಿ ನನಗೆ ಕಲಿಸಿದ್ದು,” ಎಂದಳು ಉಜ್ಜುತ್ತಲೇ. “ಕೊನೇ ಪದರ ಹಾಕೋ ಮುಂಚೆ ತೆಳ್ಳನೆ ಕಾಗದದ ಚೂರಿನ ಮೇಲೆ ಹೆಸರು ಬರೆದು ಇಡಬೇಕು. ಪೆನ್ಸಿಲಲ್ಲೇ ಬರೀಬೇಕು, ಶಾಯಿ ಕರಗಿಹೋಗತ್ತೆ. ರೆಸಿನ್ ಕುಡಿದು ಕಾಗದ ಗಾಜಾಗತ್ತೆ, ಅಕ್ಷರ ಮಾತ್ರ ಉಳಿಯತ್ತೆ. ಮೈ ಮಾಡಿದ ಪ್ರತಿಯೊಬ್ಬನೂ ಹಾಗೆ ಮಾಡ್ತಿದ್ದ. ಇದು ನಿಮಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲವೆಂದು ಗಾಟ್ಸನ ಮುಖವೇ ಹೇಳಿತು.

“ಕಾರು ಯಾರ ಹೆಸರಲ್ಲಾದ್ರೂ ಮಾರಲಿ, ಒಳಗೆ ನಮ್ಮ ಹೆಸರಿದ್ರೆ ಸಾಕು ಅಂತಿದ್ದ. ಪದರದೊಳಗೆ ಹೋದ ಮೇಲೆ ಯಾರೂ ಸೇರಿಸೋಕೂ ಆಗಲ್ಲ, ತೆಗೆಯೋಕೂ ಆಗಲ್ಲ.”

ಡಾಂಬರು ಕಂದಾಗಿ, ಹಳದಿಯಾಗಿ, ಕೊನೆಗೆ ಹೋಯಿತು. ಜೇನುಬಣ್ಣದ ಆಳದಲ್ಲಿ ಬೂದು ಗೆರೆಗಳು ಮೇಲೆದ್ದವು. ಎಡಕ್ಕೆ ಒರಗಿದ ಅಕ್ಷರಗಳು, ಎಡಗೈಯವನ ಬರಹ. ಆ ಕೈ ಬರೆದ ಚೀಟಿ ನೋಡಿಕೊಂಡು ಎಷ್ಟೋ ದಿನ ಹೆಸ್ಟರ್ ರೆಸಿನ್ ಕಲಸಿದ್ದಳು. ಓದುವ ಮೊದಲೇ ಅವಳಿಗೆ ಗೊತ್ತಾಯಿತು.

ಸಿಡ್ನಿ ಅಟಿಂಗ್.

ಹೆಸ್ಟರಳಿಗೆ ಖುಷಿ ಅಂದರೆ ಖುಷಿಯೇ. ಹೊರಗೆ ಜಲ್ಲಿಯ ಮೇಲೆ ಸೈಕಲ್ಲಿನ ಸದ್ದಾಯಿತು, ಗಂಟೆ ಎರಡು ಸಲ ಕಿಣಿಗುಟ್ಟಿತು. ಶನಿವಾರ ಬೇಕರಿ ಹನ್ನೊಂದಕ್ಕೆ ಮುಚ್ಚುತ್ತದೆ.

“ನಾಳೆ ಫಲಕ ನೀವೇ ಹೊರ್ತೀರಾ, ನಾನೂ ಕೈ ಕೊಡ್ಲಾ?” ಎಂದಳು.

ಗಾಟ್ಸ್ ಅವಳನ್ನು ನೋಡುತ್ತಿರಲಿಲ್ಲ. ಬಗ್ಗಿ, ಮೂಗು ಕಾರಿಗೆ ತಾಗುವಷ್ಟು ಬಗ್ಗಿ, ದಿಟ್ಟಿಸುತ್ತಿದ್ದ.

“ಕೆಳಗೆ ಇನ್ನೊಂದು ಸಾಲಿದೆ,” ಎಂದ.

ಹೆಸ್ಟರ್ ಬಟ್ಟೆಯನ್ನು ಇನ್ನೊಂದು ಸಲ ಎಳೆದಳು.

6 ಜೂನ್ 1971.

ಎಡ ಕಣ್ಣಿನ ಕೆಳಗಿನ ಗೆರೆ. ಮೇಸ್ ಮುದುಕನ ಹೊಸ ಚಿಲ್ಲರೆ, ಮಾತು ಕಮ್ಮಿಯ ಗಡ್ಡದವನು. ಬೆಳಗಿನಿಂದ ದೂರದೂರ ನಿಂತಿದ್ದ ಎಲ್ಲವೂ ಒಟ್ಟಿಗೆ ಬಂದು ಅವಳ ಎದುರು ಕೂತವು. ಚೌಕಟ್ಟು ಮಾತ್ರ ನಂಬರ್ ಒಂದರದು. ಮೈಯನ್ನು ಮಾಯವಾದ ಅಚ್ಚಿನಿಂದ ಆಮೇಲೆ ಎಬ್ಬಿಸಿದ್ದು. ಎಬ್ಬಿಸಿದವನು ಸತ್ತು ಆಗಲೇ ಐದು ವರ್ಷವಾಗಿತ್ತು.

ವಿನ್ಯಾಸ ಯಾರದೆಂದು ಈ ಕಾರು ಹೇಳುವುದಿಲ್ಲ. ಅದು ಹೇಳುತ್ತಿರುವುದು ಬೇರೆಯೇ. ಹನ್ನೊಂದು ವರ್ಷದ ಹುಡುಗಿಯನ್ನು ಊರಿನ ಬಾಯಿಗೆ ಬಿಟ್ಟು ಅಪ್ಪ ಎಲ್ಲೋ ಬದುಕಿದ್ದ, ಕೈ ನಡುಗದೆ ಹೆಸರು ಬರೆಯುವಷ್ಟು ಚೆನ್ನಾಗಿಯೇ ಬದುಕಿದ್ದ.

ಗಾಟ್ಸ್ ಕಾರಿನ ಅಂಚನ್ನು ಹಿಡಿದುಕೊಂಡ.

“ಹೆಣ ಗುರುತಿಸೋಕೆ ಕರೆದಿದ್ದು ನನ್ನನ್ನೇ,” ಎಂದ, ಉಸಿರಿನಲ್ಲಿ. “ಆರು ವಾರ ನೀರಲ್ಲಿತ್ತು ಹೆಸ್ಟರ್. ಮುಖ ನೋಡೋಕೆ ನನ್ನಿಂದ ಆಗ್ಲಿಲ್ಲ. ಕೋಟು ನೋಡಿದೆ, ಅವನ ಕೋಟೇ. ಹೌದು ಅಂದ್ಬಿಟ್ಟೆ.”

ಬಾಗಿಲಿನ ಬೆಳಕಿಗೆ ನೆರಳು ಅಡ್ಡ ಬಂತು. ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡ ಏವ್ರಿಲ್, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಜೊತೆಗೆ ಕಾಗದದಲ್ಲಿ ಸುತ್ತಿದ ಹೂವಿನ ಕಟ್ಟು, ನಾಳೆ ಬೆಳಿಗ್ಗೆಗೆ. ಬೆಳಗುತ್ತಿದ್ದ ಕಾರನ್ನು ನೋಡಿ ಅವಳು ಅಲ್ಲೇ ನಿಂತಳು.

“ಅಪ್ಪನ ಹೆಸರು ಸಿಕ್ತಾ?”

“ಸಿಕ್ತು,” ಎಂದಳು ಹೆಸ್ಟರ್. ಅವಳ ಹೆಬ್ಬೆರಳು, ಅವಳನ್ನು ಕೇಳದೆಯೇ, ಎರಡನೆಯ ಸಾಲಿನ ಮೇಲೆ ಹೋಗಿ ಕೂತಿತ್ತು.

ಏವ್ರಿಲ್ ಡಬ್ಬಿಯನ್ನು ನೆಲಕ್ಕಿಟ್ಟಳು. ಹೂವನ್ನು ಇಡಲಿಲ್ಲ. ಹತ್ತಿರ ಬಂದು, ಬಗ್ಗಿ, ಮೂವತ್ತು ವರ್ಷದ ಮೇಲೆ ಅಪ್ಪನ ಕೈಬರಹ ಕಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಹೆಸ್ಟರ್ ನೋಡಿಯೇ ಇರಲಿಲ್ಲ.

“ಬೆರಳು ತೆಗಿ ಹೆಸ್ಟರ್,” ಎಂದಳು. “ಪೂರ್ತಿ ಓದ್ತೀನಿ.”